ಬೆಂಡೆಗೆ ಕಾವಲು ನಿಂತ ಬಿ.ಕಾಂ.

ಅಲೆವೂರಿನ ನಮ್ಮ ಮನೆಯಲ್ಲಿ, ಜಗಲಿಗೂ ರಸ್ತೆಗೂ ನಡುವೆ, ಅಮ್ಮನ ತರಕಾರಿ ತೋಟ. ತೋಟ ಎಂದರೆ ಮಳೆಗಾಲದ ಬೆಂಡೆ, ಅಲಸಂಡೆ, ಒಂದು ಹೀರೆಯ ಚಪ್ಪರ, ಅಷ್ಟೆ. ಆದರೆ ಬೆಂಡೆ ಪೇಟೆಯದ್ದಲ್ಲ. ಬಿಳಿ ಬಣ್ಣದ, ಉದ್ದನೆಯ ಊರ ಬೆಂಡೆ. ಮದುವೆಯಾಗಿ ಬರುವಾಗ ಅಮ್ಮ ಅಜೆಕಾರಿನ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜ. ತವರಿನವರು ಆಮೇಲೆ ಅಂಗಡಿಯ ಪ್ಯಾಕೆಟ್ ಬೀಜಕ್ಕೆ ತಿರುಗಿದರು, ಅಮ್ಮನ ತಂಗಿ, ಬೆಳ್ಮಣ್ಣಿನ ಚಿಕ್ಕಮ್ಮನೂ ತಿರುಗಿದರು. ಹಾಗಾಗಿ ಈ ಬೆಂಡೆ ಉಳಿದದ್ದು ನಮ್ಮಲ್ಲಿ ಮಾತ್ರ. ಪ್ರತಿವರ್ಷ ಎರಡು ಗಿಡಗಳ ಕಾಯಿ ಕೊಯ್ಯದೆ ಬಿಟ್ಟು, ಗಿಡದಲ್ಲೇ ಒಣಗಿಸಿ, ಬೀಜವನ್ನು ಬೂದಿಯಲ್ಲಿ ಹೊರಳಿಸಿ ಬಾಟಲಿಗೆ ತುಂಬುವುದು ಅಮ್ಮನ ಕ್ರಮ.

ಕಳೆದ ವರ್ಷ ನವಿಲುಗಳು ಬಂದವು. ಮೊದಲ ದಿನ ಎಲ್ಲರೂ ಮೊಬೈಲ್ ಹಿಡಿದು ನಿಂತೆವು. ನವಿಲು ಕಾಲಿಟ್ಟ ಮನೆಗೆ ಒಳ್ಳೆಯದಾಗುತ್ತದೆ ಎಂದರು, ದುಬೈಯಿಂದ ಮರಳಿ ಬಂದ ಪಕ್ಕದ ಮನೆಯವರು. ಅವರ ಅಂಗಳದಲ್ಲಿ ಇಂಟರ್‌ಲಾಕ್ ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲ.

ಚೌತಿ ಕಳೆಯುವಾಗ ಅಲಸಂಡೆಯ ಕುಡಿ ಇರಲಿಲ್ಲ, ಬೆಂಡೆಯ ಸಾಲೂ ಇರಲಿಲ್ಲ. ಬೀಜಕ್ಕೆ ಬಿಟ್ಟ ಎರಡು ಗಿಡಗಳು ಹೇಗೋ ಬದುಕಿದ್ದವು. ಬಾಟಲಿಯಲ್ಲಿದ್ದುದನ್ನೆಲ್ಲ ಬಿತ್ತಿಯಾಗಿತ್ತು. ಈ ಎರಡು ಹೋದರೆ ಆ ಬೆಂಡೆಯ ವಂಶವೇ ಮುಗಿಯಿತು. ನವಿಲು ರಾಷ್ಟ್ರಪಕ್ಷಿ, ಅದನ್ನು ಕಾಯಲು ಕಾನೂನಿದೆ. ಬೆಂಡೆಗೆ ಇದ್ದದ್ದು ಅಮ್ಮ ಮಾತ್ರ.

ಪಕ್ಕದ ಮನೆಯವರು ಪರಿಹಾರವನ್ನೂ ತಂದರು. ಬಿಸಿಲಿಗೆ ಚಾರ್ಜ್ ಆಗಿ ನಾಯಿಯಂತೆ ಬೊಗಳುವ ಒಂದು ಯಂತ್ರ. ಅದು ಬೊಗಳಿತು, ಅವರ ನಾಯಿ ಉತ್ತರ ಕೊಟ್ಟಿತು. ಇವೆರಡರ ಚರ್ಚೆಯನ್ನು ನವಿಲುಗಳು ನಮ್ಮ ಚಪ್ಪರದ ಮೇಲೆ ಕೂತು ಕೇಳಿದವು.

ನಮ್ಮ ಕಡೆ ಹಳೆಯ ಸೀರೆಗಳಿಗೆ ಕಪಾಟಿನಿಂದ ನಿವೃತ್ತಿಯಾದ ಮೇಲೂ ಬೇಲಿಯಲ್ಲಿ ಕೆಲಸ ಸಿಗುತ್ತದೆ. ಅಮ್ಮನ ಸೀರೆಗಳೆಲ್ಲ ಆಗಲೇ ಸುತ್ತ ನಿಂತಿದ್ದವು. ನವಿಲುಗಳು ಅವುಗಳ ಮೇಲಿಂದ ಹಾರಿ ಬರುತ್ತಿದ್ದವು. ಗಿಡದ ಮೈಗೆ ಹತ್ತಿರವಾಗಿ, ಎತ್ತರಕ್ಕೆ, ಗಟ್ಟಿಯಾದದ್ದೇನಾದರೂ ಬೇಕಿತ್ತು. ಅಮ್ಮ ಅಟ್ಟ ಹತ್ತಿ ನನ್ನ ಫ್ಲೆಕ್ಸ್ ಇಳಿಸಿದರು.

ನಾನು ಬಿ.ಕಾಂ. ಪಾಸಾದಾಗ ಊರಿನವರು ಹಾಕಿಸಿದ ಫ್ಲೆಕ್ಸ್ ಅದು. ಅಪ್ಪನ ಕಡೆ, ಅಮ್ಮನ ಕಡೆ ಎರಡರಲ್ಲೂ ಮೊದಲ ಪದವಿ ನನ್ನದು. ಅಮ್ಮ ಬೀಡಿ ಕಟ್ಟಿ ಓದಿಸಿದ್ದು, ನಾನು ಮಣಿಪಾಲದ ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದು. ಹಾಗಾಗಿ ನನಗೆ ಆ ಫ್ಲೆಕ್ಸಿನ ಬಗ್ಗೆ ಹೆಮ್ಮೆ ಇದೆ, ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಊರಿನ ಮುಖಂಡರೇ ಕೈಮುಗಿದು ನಿಂತಿದ್ದರೂ.

"ಅಮ್ಮಾ, ಅದು ನನ್ನ ಡಿಗ್ರಿಯ ಫ್ಲೆಕ್ಸ್."

"ಗೊತ್ತುಂಟು. ಅಟ್ಟದ ಇಲಿಗಳು ಅದನ್ನು ಓದಿ ಎಂತ ಪಾಸಾಗ್ಲಿಕ್ಕುಂಟಾ?"

ನಾಲ್ಕು ಗೂಟ ಊರಿ, ಎರಡು ಗಿಡಗಳ ಸುತ್ತ ಫ್ಲೆಕ್ಸ್ ಸುತ್ತಿ ಬಿಗಿದರು. ಮುಖಂಡರು ಬಟ್ಟೆ ಒಗೆಯುವ ಕಲ್ಲಿನ ಕಡೆ ಕೈಮುಗಿದರು. ಅಭಿನಂದನೆಯ ಅಕ್ಷರಗಳು ಮಡಚಿ ಒಳಗೆ ಹೋದವು. ರಸ್ತೆಗೆ ಕಾಣುವಂತೆ ಉಳಿದದ್ದು ನನ್ನ ಮುಖ ಮಾತ್ರ. ಅದರ ಕೆಳಗೆ, ಹುಳ ಬಾರದಿರಲೆಂದು ಅಮ್ಮ ಮೊದಲೇ ನೆಟ್ಟಿದ್ದ ಗೊಂಡೆ ಗಿಡಗಳು ಮೈತುಂಬ ಚೆಂಡುಹೂ ಬಿಟ್ಟಿದ್ದವು.

ನಮ್ಮ ಊರಿನಲ್ಲಿ ರಸ್ತೆಬದಿಯ ಫೋಟೋದ ಎದುರು ಗೊಂಡೆ ಹೂ ಇದ್ದರೆ ಅದಕ್ಕೆ ಒಂದೇ ಅರ್ಥ. ಬಸ್ಸಿನಲ್ಲಿ ಹೋಗುವವರು ನಮ್ಮ ಮನೆ ಹತ್ತಿರ ಬಂದಾಗ ಕಿಟಕಿಯಿಂದ ಇಣುಕಿ, ತುಟಿಯಲ್ಲಿ ಚ್ಚ್ ಎಂದು ಮುಂದೆ ಹೋಗತೊಡಗಿದರು. ನಾನು ಆ ಬಸ್ಸಿನಲ್ಲೇ ಕೆಲಸಕ್ಕೆ ಹೋಗುವವಳು. ಒಬ್ಬ ಹೆಂಗಸು ನನಗೆ ಸೀಟು ಬಿಟ್ಟುಕೊಟ್ಟು, "ನಿಮ್ಮ ಅಕ್ಕನಾ?" ಎಂದು ಮೆಲ್ಲಗೆ ಕೇಳಿದರು.

ಆ ಆದಿತ್ಯವಾರ ಬೆಳಿಗ್ಗೆ, ಬಸ್ಸಿನವರ ಬಾಯಿಂದ ಸುದ್ದಿ ಕೇಳಿ, ಬೆಳ್ಮಣ್ಣಿನ ಚಿಕ್ಕಮ್ಮ ಬಂದಿಳಿದರು. ಗೇಟಿನಿಂದಲೇ ಅಳು. ನಾನು ಜಗಲಿಯಲ್ಲಿ ಕೂತು ಚಾಯಕ್ಕೆ ಬಿಸ್ಕತ್ತು ಅದ್ದುತ್ತಿದ್ದೆ. ಅವರ ಅಳು ನಡುವಿನಲ್ಲೇ ನಿಂತಿತು.

"ನೀನು ಇದ್ದೀಯಾ?"

"ಇದ್ದೇನೆ ಚಿಕ್ಕಮ್ಮ. ಫೋನ್ ಮಾಡಿ ಕೇಳ್ಬಹುದಿತ್ತಲ್ವಾ?"

"ಯಾರಿಗೆ ಮಾಡುವುದು ಮಾರಾಯ್ತಿ, ನಿನಗಾ? ಮಗಳು ಹೋದ ಮನೆಗೆ ಫೋನ್ ಮಾಡಿ, ಹೋದದ್ದು ಹೌದಾ ಅಂತ ಕೇಳುವುದಾ?" ಎಂದರು. ಕಣ್ಣೊರಸಿಕೊಂಡ ಮೇಲೆ ಅವರಿಗೆ ಸಿಟ್ಟು ಬಂತು. ಬಸ್ಸಿನ ಜನರೆದುರು ಅಷ್ಟು ಅತ್ತದ್ದು ದಂಡವಾಯಿತಲ್ಲ.

ಫ್ಲೆಕ್ಸನ್ನು ಒಮ್ಮೆ ತಿರುಗಿಸಿ ಎಂದು ನಾನು ಅಮ್ಮನಿಗೆ ಹೇಳಿದೆ. ಗೊಂಡೆಯನ್ನಾದರೂ ಕೀಳು ಅಕ್ಕ ಎಂದರು ಚಿಕ್ಕಮ್ಮ. ಅಮ್ಮ ಎರಡಕ್ಕೂ ಒಪ್ಪಲಿಲ್ಲ.

"ಗೊಂಡೆ ತೆಗೆದರೆ ಹುಳ ಬರ್ತದೆ. ಗೂಟ ಕಿತ್ತರೆ ಬೇರು ಅಲ್ಲಾಡ್ತದೆ. ಕಾಯಿ ಇನ್ನೂ ಒಣಗಲಿಲ್ಲ. ಕೇಳಿದವರಿಗೆ ಇದ್ದಾಳೆ ಅಂತ ನಾನೇ ಹೇಳ್ತೇನೆ."

ಹೇಳಿದರು ಕೂಡ. ಹಾಲಿನ ಡೈರಿಯಲ್ಲಿ, ರೇಷನ್ ಅಂಗಡಿಯಲ್ಲಿ, ಯಾರೂ ಕೇಳದಿದ್ದರೂ. ಜತೆಗೆ ಬಿ.ಕಾಂ. ಎಂಬುದನ್ನೂ ಸೇರಿಸಿ ಹೇಳುತ್ತಿದ್ದರಂತೆ. ನವಿಲುಗಳು ಬಂದು ಫ್ಲೆಕ್ಸಿನ ಅಂಚಿನ ಮೇಲೆ ಕೂರಲು ನೋಡಿದವು. ಅದು ಬಗ್ಗಿತು, ಜಾರಿ ಬಿದ್ದವು. ಒಳಗೆ ಇಳಿಯಲು ಅವುಗಳ ಬಾಲಕ್ಕೆ ಜಾಗವಿರಲಿಲ್ಲ. ಕೊನೆಗೆ ಸಿಟ್ಟಿನಿಂದ ನನ್ನ ಮೂಗನ್ನು ಕುಕ್ಕಿ ಹೋದವು.

ಮಳೆ ಹಿಂದೆ ಸರಿದು ಬಿಸಿಲು ಬಿದ್ದಾಗ ಕಾಯಿಗಳು ಗಿಡದಲ್ಲೇ ಒಣಗಿ ಬಿರಿದವು. ಅಮ್ಮ ಜಗಲಿಯಲ್ಲಿ ಕೂತು ಬೀಜ ಬಿಡಿಸುವಾಗ ಚಿಕ್ಕಮ್ಮ ಪುನಃ ಬಂದರು, ಈ ಸಲ ಅಳದೆ. ಅಕ್ಕನ ಎದುರು ಅಂಗೈ ಚಾಚಿದರು.

"ನನಗೂ ಸ್ವಲ್ಪ ಕೊಡು ಅಕ್ಕ. ಆ ಪ್ಯಾಕೆಟ್‌ನದ್ದು ಒಂದೇ ವರ್ಷಕ್ಕೆ ಸರಿ."

ಅಮ್ಮ ಕೂಡಲೇ ಕೊಟ್ಟರು. ಬೀಜ ಒಂದೇ ಮನೆಯಲ್ಲಿದ್ದರೆ ಮುಂದಿನ ಸಲ ಯಾವ ನವಿಲು ಬರುತ್ತದೋ ಎಂದು ಅವರೂ ಹೆದರಿದ್ದರು. ಬೀಜ ಕಟ್ಟಿಕೊಡಲು ಫ್ಲೆಕ್ಸಿನಿಂದ ಒಂದು ತುಂಡು ಕತ್ತರಿಸಿದರು, ಮುಖಂಡರು ಕೈಮುಗಿದಿದ್ದ ಕಡೆಯಿಂದ.

ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರಸಿದರು. ಮೂಗಿನ ತೂತಿಗೆ ಹಿಂದಿನಿಂದ ಟೇಪ್ ಅಂಟಿಸಿದರು. ಮೆಲ್ಲಗೆ ಸುರುಳಿ ಸುತ್ತಿ ಅಟ್ಟಕ್ಕೆ ಏರಿಸಿದರು.

"ಜಾಗ್ರತೆ ಇರಲಿ," ಎಂದರು ನನಗೆ. "ಬರುವ ವರ್ಷಕ್ಕೂ ಬೇಕಲ್ವಾ?"