ಅಕ್ಕನ ಪಾಲಿನ ಹಡಗು

ದೂರದಲ್ಲಿರುವವರ ಸಂಕಟ ಮನೆಯಲ್ಲಿದ್ದವರಿಗೆ ತಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಮ್ಮ ಓಣಿಯಲ್ಲಿ ಹಟ್ಟಿಯಿಂದ ಬಂದ ಒಬ್ಬಾಕೆ ಇದ್ದಾಳೆ. ಆಕೆಯ ಗಂಡ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ಇಳಿಯುತ್ತಿದ್ದ ಕಾಲದಲ್ಲಿ ಒಮ್ಮೆ ಅವನ ಕೈ ಮೇಲೆ ಕಲ್ಲು ಬಿತ್ತಂತೆ. ಅದೇ ಹೊತ್ತಿಗೆ ಇಲ್ಲಿ ತನ್ನ ಕೈಯಿಂದ ಕೊಡ ಜಾರಿತೆಂದು ಆಕೆ ಹೇಳುತ್ತಿದ್ದಳು. "ಕೈ ಹಸಿ ಇದ್ರ ಕೊಡ ಜಾರ್ತೈತವ್ವ, ಅದಕ್ಕ ಗಣಿ ಯಾಕ ಬೇಕು?" ಎಂದು ನಾನು ನಾಲ್ಕು ಜನರ ಮುಂದೆ ಅಣಕಿಸಿದ್ದೆ. ಈಗ ಆಕೆ ಎದುರು ಬಂದರೆ ನಾನೇ ತಲೆ ತಗ್ಗಿಸಿ ಹೋಗುತ್ತೇನೆ.

ನಾನು ಏಳನೇ ತರಗತಿಯವರೆಗೆ ಓದಿದವಳು. ಬರೆಯುವ ರೂಢಿ ಇಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನಡೆದ ವಿಚಿತ್ರಕ್ಕಿಂತ ನಾನು ಮಾಡಿದ ತಪ್ಪೇ ದೊಡ್ಡದು. ತಪ್ಪನ್ನು ಬಿಟ್ಟು ವಿಚಿತ್ರವನ್ನಷ್ಟೇ ಹೇಳಲು ಎಷ್ಟೋ ಸಲ ಪ್ರಯತ್ನಪಟ್ಟೆ, ಆಗಲಿಲ್ಲ.

ನಮ್ಮ ತವರು ಪಾಮನಕಲ್ಲೂರು. ಅಕ್ಕನನ್ನೂ ನನ್ನನ್ನೂ ಮಸ್ಕಿಯ ಒಂದೇ ಮನೆಗೆ, ಅಣ್ಣತಮ್ಮಂದಿರಿಗೆ ಕೊಟ್ಟರು. ಮನೆಯವರದು ಬೀಜ, ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿ. ಸಿಂಧನೂರು ಕಡೆಯ ಭತ್ತದ ಹೊಲಗಳಿಗೆ ಮಾಲು ಹೋಗುತ್ತದೆ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ಪರದೇಶ ತಿರುಗಿಸಿ ತರುವುದು ನಮ್ಮ ಕಡೆ ಹೊಸದಲ್ಲ. ಹೋಗಿ ಬಂದವರು ಆನೆಯ ಮೇಲೆ ಕುಳಿತ ಫೋಟೋ ದೊಡ್ಡದು ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿರುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಅಂಗಡಿಗೂ ಆ ಯೋಗ ಬಂತು. ಸಿಂಗಾಪುರದಿಂದ ಹಡಗಿನಲ್ಲಿ ಪ್ರವಾಸ, ಇಬ್ಬರಿಗೆ ಮಾತ್ರ. ಅಣ್ಣತಮ್ಮಂದಿರದೂ ನಮ್ಮಿಬ್ಬರದೂ ಪಾಸ್‌ಪೋರ್ಟ್ ಇದ್ದವು. ಆದರೆ ಹಿರಿಯರು ಅಕ್ಕ ಮತ್ತು ಭಾವ. ಪಾಲು ಅವರದು, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಭಾವನಿಗೆ ಇಷ್ಟವಿರಲಿಲ್ಲ. "ನೆಲದ ಮ್ಯಾಲ ಇರೋರಿಗೆ ನೀರಿನ ಮ್ಯಾಲೇನ್ ಕೆಲಸ? ನಾವೇನ್ ಮೀನಾ?" ಎಂದರು. ಆದರೆ ಅಕ್ಕನ ಮುಖ ನೋಡಿ ಒಪ್ಪಿಕೊಂಡರು. ನಮ್ಮ ತವರಿನದು ಒಣಭೂಮಿ. ಅಕ್ಕ ಚಿಕ್ಕವಳಿದ್ದಾಗ ಮೊದಲ ಸಲ ಸಿಂಧನೂರಿಗೆ ಹೋಗುವಾಗ ತುಂಬಿ ಹರಿಯುವ ಕಾಲುವೆ ನೋಡಿ ಬಸ್ಸಿನಲ್ಲಿ ಎದ್ದು ನಿಂತಿದ್ದಳು. "ಆಚಿ ದಂಡಿ ಕಾಣದಷ್ಟು ನೀರು ಎಲ್ಲಾರ ಐತೇನು?" ಎಂದು ಅಪ್ಪನನ್ನು ಕೇಳಿದ್ದಳು. ಆ ಮಾತನ್ನು ಆಕೆ ಮರೆತಿರಲಿಲ್ಲ. ಹಡಗಿನ ಸುದ್ದಿ ಬಂದ ದಿನ ಒಲೆಯ ಮುಂದೆ ಕುಳಿತು, "ಆಚಿ ದಂಡಿ ಕಾಣಂಗಿಲ್ಲಂತ ನೋಡ ತಂಗಿ," ಎಂದು ನನ್ನ ತೊಡೆ ತಟ್ಟಿ ನಕ್ಕಳು. ಅಂಥ ನಗು ನಾನು ಆಕೆಯಲ್ಲಿ ನೋಡಿದ್ದು ಕಡಿಮೆ. ಆ ಗಳಿಗೆಯಲ್ಲಿಯೇ ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಅಕ್ಕನಿಗೆ ಇದ್ದ ಚಿಂತೆ ಒಂದೇ. ಆಕೆ ದೀಕ್ಷೆಯಾದವಳು, ಲಿಂಗಪೂಜೆ ಆಗದೆ ಹನಿ ನೀರು ಬಾಯಿಗೆ ಹಾಕುವುದಿಲ್ಲ. ಮದುವೆಗೆ ಹೋದರೂ ಅಡುಗೆಯವರು ಅಯ್ಯನವರು, ಅಂದರೆ ಜಂಗಮರು, ಹೌದೋ ಅಲ್ಲವೋ ಎಂದು ಕೇಳಿಕೊಂಡೇ ಎಲೆಯ ಮುಂದೆ ಕೂರುತ್ತಾಳೆ. "ಕಂಪನಿಯವರ ಫೋನ್ ಬಂದ್ರ ಅಡಿಗಿ ಹೆಂಗಂತ ಕೇಳು. ಬ್ಯಾರೆ ಒಲಿ ಇದ್ರ ಹೊಕ್ಕೀನಿ, ಇಲ್ಲಂದ್ರ ನನಗ ಬ್ಯಾಡ," ಎಂದು ನನಗೆ ಹೇಳಿ ಸಂಡಿಗೆ ಒಣಗಿಸಲು ಮಾಳಿಗೆ ಹತ್ತಿದಳು. ಫೋನ್ ಬಂತು. ನಾನು ಕೇಳಿದೆ. ಕಂಪನಿಯ ಮನುಷ್ಯ ನಕ್ಕು, "ಏನೂ ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಗಂಗಾವತಿಯಿಂದ ಅಯ್ಯನವರನ್ನ ಕರಕೊಂಡು ಹೊಂಟೀವಿ. ಹಡಗಿನ್ಯಾಗ ಅವರಿಗೆ ಬ್ಯಾರೆ ಅಡಗಿಮನಿ ಕೊಟ್ಟಾರ. ಖಡಕ್ ರೊಟ್ಟಿ ಸುದ್ದಾ ಸಿಗ್ತಾವ," ಎಂದ.

ನಾನು ಮಾಳಿಗೆ ಹತ್ತಿದೆ. ಪ್ರತಿ ಮೆಟ್ಟಿಲಿಗೂ ನಿಜ ಹೇಳುತ್ತೇನೆಂದೇ ಅಂದುಕೊಳ್ಳುತ್ತಿದ್ದೆ. ಮೇಲೆ ಹೋಗಿ, "ಎಲ್ಲಾ ಒಂದಾ ಒಲಿಯಂತಕ್ಕಾ. ಮಾಂಸ, ಮೀನು, ಎಲ್ಲಾ ಅದರಾಗಾ," ಎಂದೆ.

ಅಕ್ಕ ಅರ್ಧ ಒಣಗಿದ ಸಂಡಿಗೆಯೊಂದನ್ನು ಮಗುಚಿ ಹಾಕಿದಳು. "ಹಂಗಾರ ನೀವಿಬ್ರೂ ಹೋಗಿ ಬರ್ರಿ," ಎಂದಳು. ನಾನು ಸುಮ್ಮನೆ ಎರಡು ಸಲ ಬೇಡವೆಂದೆ. ಮೂರನೆಯ ಸಲ ಆಕೆ ಹೇಳುವ ಮೊದಲೇ ಒಪ್ಪಿಕೊಂಡೆ.

ಹೊರಡುವ ದಿನ ಅಕ್ಕ ವಿಭೂತಿಯ ಗಟ್ಟಿಯೊಂದನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. "ನೀರಿನ ಮ್ಯಾಲ ಹೊಟ್ಟಿ ತೊಳಸ್ತೈತಂತ. ಹಂಗಾದ್ರ ಹಣಿಗೆ ಹಚ್ಚಿಕೋ, ನನ್ನ ನೆನಸು." ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಆ ಗಟ್ಟಿಯೇ ದೊಡ್ಡ ತಕರಾರಾಯಿತು. ಒಬ್ಬ ಅದನ್ನು ಮೂಸಿ ನೋಡಿದ, ಇನ್ನೊಬ್ಬ ಕೆರೆದು ನೋಡಿದ. ಸಿಂಗಾಪುರದಲ್ಲಿ ಬೆರಳಿನ ಗುರುತು ಹತ್ತಲಿಲ್ಲ. ಬೂದಿಯಲ್ಲಿ ಪಾತ್ರೆ ತಿಕ್ಕಿ ಸವೆದ ಬೆರಳು, ಯಂತ್ರಕ್ಕೇನು ತಿಳಿಯಬೇಕು. ನನ್ನ ಹಿಂದಿದ್ದವರೆಲ್ಲ ಮುಂದೆ ಹೋದರು. ಕಾಲು ಬಾತುಕೊಂಡವು. ಒಂದು ಲೋಟ ಬಿಸಿನೀರು ಕೇಳಲು ಭಾಷೆ ಇರಲಿಲ್ಲ. ಇಷ್ಟು ತಾಪತ್ರಯಕ್ಕೆ ಸುಳ್ಳು ಹೇಳಿದೆನೇ ಎಂದುಕೊಂಡೆ. ಆದರೆ ಹಡಗು ಕಂಡಾಗ ಅದೆಲ್ಲ ಮರೆತುಹೋಯಿತು. ನೀರಿನ ಮೇಲೆ ಒಂದು ಊರೇ ನಿಂತಂತೆ ಇತ್ತು. ಒಳಗೆ ಲಿಫ್ಟುಗಳು, ಅಂಗಡಿಗಳು, ಮೇಲೆ ಈಜುವ ಹೊಂಡ. ನಮ್ಮ ಪುಟ್ಟ ಕೋಣೆಯ ಹಾಸಿಗೆಯ ಮೇಲೆ ಟವೆಲನ್ನು ಮಡಿಚಿ ಹಂಸ ಮಾಡಿಟ್ಟಿದ್ದರು. ನನ್ನ ಗಂಡ ಅದನ್ನು ಬಿಚ್ಚಲು ಬಿಡದೆ ಲುಂಗಿಯಿಂದಲೇ ಮೈ ಒರೆಸಿಕೊಂಡರು. ಹಡಗು ಬಿಟ್ಟ ಮೇಲೆ ನಾನು ಮೇಲೆ ಹೋಗಿ ಕಂಬಿ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ದಂಡೆಗಳೆಲ್ಲ ಕರಗಿದವು. ಸುತ್ತ ಎತ್ತ ನೋಡಿದರೂ ಆಚೆ ದಂಡೆ ಇರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಆದರೆ ಬೇರೆಯವರ ಸೀರೆ ಉಟ್ಟು ಮದುವೆಗೆ ಬಂದವಳ ಹಾಗೆ ಮುದುಡಿ ನಿಂತೆ.

ಮರುದಿನ ಸಂಜೆ ಗಾಳಿ ಎದ್ದಿತು. ಅಲ್ಲಿ ಕತ್ತಲು ಕವಿದಿತ್ತು. ನಮ್ಮ ಕಡೆ ಆಗ ಇನ್ನೂ ಹೊತ್ತು ಮುಳುಗಿರಲಿಕ್ಕಿಲ್ಲ. ಹಡಗು ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ ತೂಗತೊಡಗಿತು. ನನ್ನ ಗಂಡ ಎರಡು ಸಲ ವಾಂತಿ ಮಾಡಿಕೊಂಡು ಮಲಗಿಬಿಟ್ಟರು. ನಮ್ಮ ಗುಂಪಿನವರೆಲ್ಲ ಕೋಣೆ ಸೇರಿದರು. ನನಗೂ ಹೊಟ್ಟೆ ತೊಳಸಿ ಬಂತು, ಬಾಯಲ್ಲಿ ನೀರೂರಿತು. ಗಂಟು ಬಿಚ್ಚಿ ವಿಭೂತಿ ಹಣೆಗೆ ಹಚ್ಚಿಕೊಂಡು ಅಕ್ಕನನ್ನು ನೆನೆದೆ. ಇಲ್ಲಿಂದ ಮುಂದಿನದನ್ನು ಇದ್ದ ಹಾಗೆ ಹೇಳುತ್ತೇನೆ. ದೀಪ ಆರಿಸಿದರೆ ಬೆಳಕು ಹೋಗುವ ಹಾಗೆ ಆ ಸಂಕಟ ನನ್ನಿಂದ ಹೋಯಿತು. ಕಡಿಮೆಯಾಗಲಿಲ್ಲ, ಪೂರ್ತಿ ಹೋಯಿತು. ಹಡಗು ತೂಗುತ್ತಲೇ ಇತ್ತು, ನೀರಿನ ಬಾಟಲಿ ನೆಲದಲ್ಲಿ ಅತ್ತಿತ್ತ ಉರುಳುತ್ತಿತ್ತು. ನಾನು ಮಾತ್ರ ನಮ್ಮ ಅಂಗಳದಲ್ಲಿ ನಿಂತವಳ ಹಾಗೆ ನಿಂತಿದ್ದೆ. ಅಷ್ಟೇ ಅಲ್ಲ, ಎಂದೂ ಇಲ್ಲದ ಹಸಿವಾಯಿತು.

ಊಟದ ಕೋಣೆಗೆ ನಾನೊಬ್ಬಳೇ ಹೋದೆ. ಖಾಲಿ ಮೇಜುಗಳ ನಡುವೆ ಗಂಗಾವತಿಯ ಅಯ್ಯನವರು ಕಂಬಕ್ಕೆ ಆತು ನಿಂತಿದ್ದರು. ಊರಿಂದ ತಂದ ಪುಂಡಿಸೊಪ್ಪಿನಿಂದ ಪಲ್ಯ ಮಾಡಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಿದ್ದರು. ವಾಸನೆಗೆ ತವರು ನೆನಪಾಯಿತು. ಮೊದಲ ತುತ್ತಿಗೇ, "ಉಪ್ಪು ಭಾಳ ಆಗೇತ್ರಿ ಅಯ್ಯನವರ," ಎಂದೆ.

"ಹಡಗ ವಾಲಿದ್ರಾಗ ಕೈ ಜಾರಿ ಬಿತ್ತವಾ. ಯಾರೂ ಉಣ್ಣಾಕ ಬರಂಗಿಲ್ಲಂತ ಸುಮ್ನಾದೆ. ನೀ ಒಬ್ಬಾಕಿ ಗಟ್ಟಿ ಇದ್ದಿ ನೋಡು," ಎಂದರು. ನಾನು ರೊಟ್ಟಿಯ ಮೇಲೆ ರೊಟ್ಟಿ ತಿಂದೆ. ಉಳಿದ ಪಲ್ಯವನ್ನು ಅವರು ಚೆಲ್ಲಿಬಿಟ್ಟರು.

ಸಮುದ್ರದ ಮೇಲೆ ಫೋನ್ ಹತ್ತುತ್ತಿರಲಿಲ್ಲ. ಮಾರನೆಯ ದಿನ ಹಡಗು ಮಲೇಷ್ಯಾದ ದಂಡೆಗೆ ಹತ್ತಿದ ಮೇಲೆ ಮನೆಗೆ ಫೋನ್ ಮಾಡಿದೆ. ಅಕ್ಕನೇ ಎತ್ತಿದಳು. ದನಿ ಸೋತಿತ್ತು.

"ನಿಂತಿತೇನು?" ಎಂದಳು.

"ಏನಕ್ಕಾ?"

"ಹಡಗ. ಈಗ ನಿಂತೈತಲ್ಲ? ನನಗ ಈಗ ಆರಾಮಾತು."

ಏನಾಗಿತ್ತೆಂದು ಕೇಳುವ ಧೈರ್ಯ ಬರಲಿಲ್ಲ. ಫೋನ್ ಇಟ್ಟುಬಿಟ್ಟೆ.

ಊರಿಗೆ ಬಂದ ಮೇಲೆ ಅತ್ತೆ ಎಲ್ಲ ಹೇಳಿದರು. ನಮ್ಮ ಅತ್ತೆ ಸಣ್ಣದನ್ನು ದೊಡ್ಡದು ಮಾಡಿ ಹೇಳುವವರಲ್ಲ. "ದೀಪ ಹಚ್ಚಾಕ ಅಂತ ಎದ್ಲು, ಹಂಗಾ ಗ್ವಾಡಿ ಹಿಡದ್ಲು. ಅತ್ತೀ, ಮನಿ ತೂಗಾಕತ್ತೈತಿ ಅಂದ್ಲು. ನಿಮ್ಮ ಮಾವ ಕಟ್ಟಿಸಿದ ಮನಿ ಬೇ, ಭೂಮಿ ನಡುಗಿದ್ರೂ ತೂಗಂಗಿಲ್ಲ ಅಂದೆ. ಎಲ್ಲೀದು? ತೊಟ್ಟಲದಾಗಿನ ಕೂಸಿನಂಗ ಕುಂತಲ್ಲೇ ಅತ್ಲಾಗ ಇತ್ಲಾಗ. ಬಕೀಟ ತಂದಿಟ್ಟೆ. ಬಾಯೆಲ್ಲಾ ಉಪ್ಪಾಗೇತಿ ಅಂತ ನೀರು ಕೇಳ್ತಿದ್ಲು. ನಡುವ ಒಂದ ಮಾತು, ಯಾರೋ ಪುಂಡಿಪಲ್ಯಕ್ಕ ಒಗ್ಗರಣಿ ಹಾಕ್ಯಾರ ಅಂತ. ಓಣ್ಯಾಗೆಲ್ಲಾ ಕೇಳಿ ಬಂದೆ. ಯಾರ ಮನ್ಯಾಗೂ ಅವತ್ತು ಪುಂಡಿ ಇಲ್ಲ."

ಅತ್ತೆ ಪುಂಡಿಯ ಮಾತು ಹೇಳಿದಾಗ ನನ್ನ ಗಂಡ ನನ್ನ ಕಡೆ ನೋಡಿದರು. ಹಡಗಿನಲ್ಲಿ ಅಯ್ಯನವರ ಅಡುಗೆ ಇದ್ದದ್ದು, ಆ ರಾತ್ರಿ ನಾನು ಪುಂಡಿಪಲ್ಯ ಉಂಡದ್ದು ಅವರಿಗೆ ಗೊತ್ತಿತ್ತು. ನಾನು ಸುಳ್ಳು ಹೇಳಿದ್ದು ಗೊತ್ತಿರಲಿಲ್ಲ. ದಾರಿಯಲ್ಲಿಯೇ ನಾನು, "ಅಕ್ಕಗ ಕೆಟ್ಟನಿಸ್ತೈತಿ, ಊಟದ ಮಾತು ತಗೀಬ್ಯಾಡ್ರಿ," ಎಂದು ಅವರ ಬಾಯಿ ಕಟ್ಟಿದ್ದೆ. ಮನೆಯಲ್ಲಿ ಮಾತ್ರ ಬ್ರೆಡ್ಡು, ಬಾಳೆಹಣ್ಣು ತಿಂದು ದಿನ ಕಳೆದೆವು ಎಂದೆ. ಆಗ ಅಕ್ಕ, "ಪಾಪ, ಸೊರಗೀಯಲ್ಲ," ಎಂದು ನನಗೆ ಬಿಸಿ ರೊಟ್ಟಿ ಬಡಿದು ಕೊಟ್ಟಳು.

ಲಿಂಗಸುಗೂರಿನ ಡಾಕ್ಟರು ಅಕ್ಕನನ್ನು ನೋಡಿ, ಕಿವಿಯೊಳಗಿನ ದೋಷದಿಂದ ತಲೆ ತಿರುಗುತ್ತದೆ, ಗಾಬರಿ ಬೇಡ ಎಂದರು. ಕೊಟ್ಟ ಗುಳಿಗೆ ಮುಗಿಯಿತು. ಆ ಬಾಧೆ ಆಕೆಗೆ ಮತ್ತೆ ಎಂದೂ ಬರಲಿಲ್ಲ. ಡಾಕ್ಟರ ಮಾತು ಸರಿಯೇ ಇರಬೇಕು ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡೆ. ಕಿವಿಯ ದೋಷ ನನ್ನ ಹಡಗು ತೂಗಿದ ಸಂಜೆಗೇ ಏಕೆ ಬಂತು, ಹಡಗು ನಿಂತ ಕೂಡಲೇ ಏಕೆ ಹೋಯಿತು ಎಂಬುದಕ್ಕೆ ಉತ್ತರ ಸಿಗಲಿಲ್ಲ. ಆಕೆಯ ಪಾಲಿನ ಪ್ರವಾಸದ ಸುಖ ನಾನು ಉಂಡೆ, ಅದರ ಸಂಕಟ ಆಕೆಗೆ ಹೋಯಿತು. ಇದಕ್ಕಿಂತ ಬೇರೆ ರೀತಿಯಲ್ಲಿ ಅದನ್ನು ಯೋಚಿಸಲು ನನಗೆ ಬಂದಿಲ್ಲ.

ಹೋದ ತಿಂಗಳು ಕಂಪನಿಯ ಮನುಷ್ಯ ಅಂಗಡಿಗೆ ಬಂದು, ಈ ವರ್ಷ ಮತ್ತೆ ಹಡಗು, ಹೆಸರು ಹೇಳಿರಿ ಎಂದ. ಅಂದು ಮಧ್ಯಾಹ್ನ ಅಕ್ಕ ಪಡಸಾಲೆಯಲ್ಲಿ ಪುಂಡಿಸೊಪ್ಪು ಬಿಡಿಸುತ್ತಾ ಕುಳಿತಿದ್ದಳು. ನಾನೂ ಒಂದು ಕಟ್ಟು ತೆಗೆದುಕೊಂಡು ಎದುರು ಕುಳಿತೆ.

"ಅಕ್ಕಾ, ಈ ಸಲ ನೀವಿಬ್ರೂ ಹೋಗ್ರಿ," ಎಂದೆ. "ಅವತ್ತು ಒಲಿ ಬ್ಯಾರೆ ಇತ್ತು. ಫೋನಿನ್ಯಾಗ ಹೇಳಿದ್ರು. ನನಗ ಮೊದಲಾ ಗೊತ್ತಿತ್ತಕ್ಕಾ. ಹೊಟ್ಟಿಕಿಚ್ಚಿಗೆ ಸುಳ್ಳು ಹೇಳಿದೆ."

ಆಕೆಯ ಬೆರಳು ನಿಲ್ಲಲಿಲ್ಲ. ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ. ಬೈಯಲಿ ಎಂದು ಕಾದೆ. ಎದ್ದು ಹೋಗಲಿ ಎಂದು ಕಾದೆ. ಕೊನೆಗೆ ನನ್ನ ಕೈಯಲ್ಲಿದ್ದ ಕಟ್ಟನ್ನೂ ತೆಗೆದುಕೊಂಡಳು.

"ನಾ ಒಮ್ಮಿ ಹೋಗಿ ಬಂದೀನವಾ, ಸಾಕು," ಎಂದಳು. "ನೀನಾ ಹೋಗು. ಅಡಗಿಯವರಿಗೆ ಮಾತ್ರ ಹೇಳು, ಪಲ್ಯಕ್ಕ ಉಪ್ಪು ಕಮ್ಮಿ ಹಾಕ್ರಿ ಅಂತ."

ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದ ಮಾತು ಅಯ್ಯನವರಿಗೆ ಬಿಟ್ಟರೆ ನನಗೊಬ್ಬಳಿಗೇ ಗೊತ್ತು. ನನ್ನ ಗಂಡ ಆಗ ಹಾಸಿಗೆಯಲ್ಲಿದ್ದರು. ಅಯ್ಯನವರು ಇಂದಿನವರೆಗೂ ಮಸ್ಕಿಗೆ ಬಂದವರಲ್ಲ.

ಹೆಸರು ಇನ್ನೂ ಕೊಟ್ಟಿಲ್ಲ. ಅಂಗಡಿಯಿಂದ ಬಂದ ಕೂಡಲೇ ಭಾವ ದಿನವೂ ಕೇಳುತ್ತಾರೆ. ಅಕ್ಕ ನನ್ನ ಕಡೆ ನೋಡುತ್ತಾಳೆ, ನಾನು ಅಕ್ಕನ ಕಡೆ. ಆಕೆ ಕ್ಷಮಿಸಿದಳೋ, ಇಲ್ಲವೋ, ಅಂದಿನಿಂದಲೇ ಎಲ್ಲ ಗೊತ್ತಿದ್ದೂ ನನಗೆ ಬಿಸಿ ರೊಟ್ಟಿ ಬಡಿದು ಹಾಕಿದಳೋ, ಕೇಳಲು ನನಗೆ ಬಾಯಿ ಬಂದಿಲ್ಲ.