ಕಾಯಂ ಆಟದ ತಾರೀಕು

ಯಕ್ಷಗಾನದಲ್ಲಿ ಪದ್ಯ ಹಾಡುವ ಒಬ್ಬ ಭಾಗವತರ ಸ್ವರಕ್ಕೆ ಮರುಳಾಗಿ ಅವರ ಹೆಸರಿನಲ್ಲಿ ಅಭಿಮಾನಿ ಜಾಲತಾಣ ಶುರು ಮಾಡಿದವನು ನಾನು. ಆಗ ಅದು ಪ್ರೀತಿ. ಈಗ ಕೆಲಸ, ಅದೂ ರಜೆಯಿಲ್ಲದ ಕೆಲಸ. ಅವರ ಮೇಳದ ಆಟ, ಅಂದರೆ ಯಕ್ಷಗಾನ, ಇವತ್ತು ಎಲ್ಲಿ, ಪ್ರಸಂಗ ಯಾವುದು, ನಿನ್ನೆಯ ಫೋಟೊ, ಹಳೆಯ ಪದ್ಯದ ಧ್ವನಿಮುದ್ರಣ, ಎಲ್ಲವೂ ಬೆಳಿಗ್ಗೆ ಹತ್ತರೊಳಗೆ ಸೈಟಿನಲ್ಲಿರಬೇಕು. ಹತ್ತೂಕಾಲಾದರೆ ದುಬೈಯಿಂದ ಮೆಸೇಜು: "ಸೈಟಿನವರು ಇನ್ನೂ ಎದ್ದಿಲ್ಲವಾ?" ಪುಂಜಾಲಕಟ್ಟೆಯ ನನ್ನ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದದ ಪ್ರೂಫಿಗೆ ಕಾದು ಕೂತ ಗಿರಾಕಿಯನ್ನು ಬಿಟ್ಟು ನಾನು ಅದಕ್ಕೆ ಉತ್ತರ ಬರೆಯುತ್ತೇನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾಳೆ ಹೆಂಡತಿ. ವಾದ ಮಾಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ.

ಸೈಟನ್ನು ಯಾರೂ ನೋಡದಿದ್ದರೆ ಎಂದೋ ಬಿಡುತ್ತಿದ್ದೆ. ಎಲ್ಲರೂ ನೋಡುತ್ತಾರೆ, ಅದೇ ಕಷ್ಟ. ಭಾಗವತರಿಗೆ ತಾನು ಶಾಲು ಹೊದೆಸಿದ ಫೋಟೊ ಮೊದಲಿಗೆ ಯಾಕೆ ಬಂದಿಲ್ಲ ಎಂದು ಮೂಡುಬಿದಿರೆಯ ಒಬ್ಬರು ಮೂರು ಸಲ ಫೋನ್ ಮಾಡಿದರು. ನಾಲ್ಕನೆಯ ಸಲ ಮಾಡುವ ಮೊದಲೇ ನಾನು ಅದನ್ನು ಮೇಲಕ್ಕೆ ಹಾಕಿದೆ. ಆ ದಿನವೇ ನಿಶ್ಚಯ ಮಾಡಿದೆ: ಈ ಸಲ ಪತ್ತನಾಜೆಗೆ ಮೇಳದವರು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವಾಗ ನಾನೂ ಸೈಟಿನ ಬಾಗಿಲು ಹಾಕುತ್ತೇನೆ. ಹನ್ನೆರಡು ವರ್ಷ ಸಾಕು.

ಆದರೆ ಪತ್ತನಾಜೆಗೆ ಮೊದಲೇ ತಪ್ಪು ನಡೆಯಿತು.

ನಮ್ಮಲ್ಲಿ ಕೆಲವು ಮನೆಗಳದ್ದು ಕಾಯಂ ಆಟ. ಪ್ರತಿವರ್ಷ ಅದೇ ತಾರೀಕು, ಅದೇ ಅಂಗಳ. ಕೊಕ್ಕಡದ ಕಡೆಯ ಒಂದು ಮನೆಯದ್ದೂ ಹಾಗೆಯೇ. ಆ ಮನೆಯ ಯಜಮಾನರು ವಾರ ಮೊದಲು ಫೋನ್ ಮಾಡಿ, "ಆಟ ಉಂಟು ಮಾರಾಯ್ರೆ, ಊಟ ಉಂಟು ಅಂತಲೂ ಹಾಕಿ" ಎಂದು ಹತ್ತು ನಿಮಿಷ ಮಾತಾಡುತ್ತಿದ್ದರು. ಈ ವರ್ಷ ಅವರ ಫೋನ್ ಬರಲಿಲ್ಲ. ಒಂದು ಫೋನ್ ಕಡಿಮೆಯಾಯಿತಲ್ಲ ಎಂದು ನನಗೆ ಸಮಾಧಾನವೇ ಆಯಿತು. ಕಾಯಂ ಆಟಕ್ಕೆ ವಿಚಾರಿಸಲಿಕ್ಕೇನಿದೆ ಎಂದು ಕಳೆದ ವರ್ಷದ ಪಟ್ಟಿಯಿಂದ ಹಾಗೆಯೇ ಎತ್ತಿ ಹಾಕಿದೆ.

ಆ ದಿನ ಸಂಜೆ ಪಾಣೆಮಂಗಳೂರಿನಿಂದ ಮನೆಮಂದಿಯನ್ನೆಲ್ಲ ವ್ಯಾನಿನಲ್ಲಿ ತುಂಬಿಸಿಕೊಂಡು ಹೋದ ಒಬ್ಬರು ಫೋನ್ ಮಾಡಿದರು. "ಎಂಥ ಸೈಟು ಮಾರಾಯ್ರೆ ನಿಮ್ಮದು? ಇಲ್ಲಿ ಆಟ ಇಲ್ಲ, ಸೂತಕ ಉಂಟು. ಯಜಮಾನರು ಹೋಗಿ ಎಂಟು ದಿನ ಆಯ್ತಂತೆ. ನಮ್ಮ ಹಾಗೆ ಇನ್ನೂ ಎರಡು ಗಾಡಿ ಬಂದಿದೆ. ಅಂಗಳದಲ್ಲಿ ನಿಂತು ನಾವು ಎಂಥ ಹೇಳುದು?"

ಮೇಳದ ಯಜಮಾನರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸೈಟಿನ ತುಂಬ ಬೈಗುಳ ಬಂತು. ಅದು ನನಗೆ ಅಷ್ಟು ತಾಗಲಿಲ್ಲ. ಸತ್ತ ಮನುಷ್ಯನ ಅಂಗಳಕ್ಕೆ ಆಟ ನೋಡಲು ಜನ ಕಳಿಸಿದೆನಲ್ಲ ಎಂಬ ನಾಚಿಕೆಗೆ ಮಾತ್ರ ಅನ್ನ ಸೇರಲಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೆ ಬೈಕಿನಲ್ಲಿ ಕೊಕ್ಕಡಕ್ಕೆ ಹೋದೆ. ಕ್ಷಮೆ ಕೇಳುವುದು, ಸೈಟು ನಿಲ್ಲಿಸುತ್ತೇನೆ ಎಂದು ಹೇಳುವುದು, ವಾಪಸು ಬರುವುದು, ಇಷ್ಟೇ ನನ್ನ ಲೆಕ್ಕ. ಯಜಮಾನರ ಹೆಂಡತಿ ಜಗಲಿಯಲ್ಲಿ ಕೂತಿದ್ದರು. ನಾನು ಸೈಟಿನವನು ಎಂದೆ. ಅವರು ಬೈಯಲಿಲ್ಲ.

"ತಪ್ಪು ಯಾರಿಗೂ ಆಗ್ತದೆ. ಆದರೆ ಆಟಕ್ಕೆ ಅಂತ ಈ ಅಂಗಳಕ್ಕೆ ಬಂದವರು ಊಟ ಮಾಡದೆ ಹೋದದ್ದು ಇದೇ ಮೊದಲು. ಸೂತಕ ಅಲ್ವಾ, ಒಂದು ಲೋಟ ನೀರು ಕೂಡ ಕೊಡ್ಲಿಕ್ಕೆ ಆಗ್ಲಿಲ್ಲ. ಚಿಕ್ಕ ಮಕ್ಕಳಿದ್ದರು ಗಾಡಿಯಲ್ಲಿ. ನನಗೆ ಅದೇ ಕಣ್ಣಮುಂದೆ ಬರುದು."

"ತಪ್ಪು ನನ್ನದು ಅಮ್ಮ."

"ಬರುವ ವರ್ಷ ಅದೇ ತಾರೀಕಿಗೆ ಆಟ ಮಾಡಿಸ್ತೇನೆ. ವರ್ಷಾಂತವೂ ಕಳೀತದೆ ಆಗ. ನೀವು ಈಗಲೇ ಸೈಟಿಗೆ ಹಾಕಿ. ಅವತ್ತು ಬಂದವರು ನೋಡಿ ಪುನಃ ಬರ್ಬೇಕು, ಊಟ ಮಾಡಿ ಹೋಗ್ಬೇಕು. ಅಲ್ಲಿವರೆಗೆ ಅದನ್ನು ತೆಗೀಬೇಡಿ, ಆಯ್ತಾ?"

ಸೈಟು ನಿಲ್ಲಿಸುವ ಮಾತು ಅಲ್ಲಿಗೇ ಬಿತ್ತು. ಇನ್ನೊಂದು ವರ್ಷ ಇದೇ ಕೆಲಸ. ಆಯ್ತು ಎಂದೆ. ಅಲ್ಲೇ ಕೂತು ಫೋನಿನಲ್ಲಿ ತಾರೀಕು ಹಾಕಿದೆ, ಊಟವಿದೆ ಎಂದೂ ಬರೆದೆ. ಆಟ ಆಡಿಸುವ ಸೇವಾಕರ್ತರು ಎಂಬಲ್ಲಿ ಪ್ರತಿವರ್ಷ ಯಜಮಾನರ ಹೆಸರಿರುತ್ತಿತ್ತು. ಯಾರ ಹೆಸರು ಬರೆಯಲಿ ಎಂದು ಕೇಳಿದೆ.

ಅವರು ಮೆಲ್ಲಗೆ ತಮ್ಮ ಹೆಸರು ಹೇಳಿದರು. ಹನ್ನೆರಡು ವರ್ಷ ಆ ಮನೆಯ ಆಟದ ಸುದ್ದಿ ಹಾಕಿದವನು ನಾನು. ಅಷ್ಟು ಜನರಿಗೆ ಅನ್ನ ಬೇಯಿಸಿದವರ ಹೆಸರು ನನಗೆ ಗೊತ್ತಾದದ್ದು ಆವತ್ತು.