ಬುಟ್ಕೊಡು ಅನ್ನುವ ನಿಯಮ

ದಾಳ ಮೇಜಿನ ಅಂಚಿನವರೆಗೂ ಉರುಳಿ, ಇನ್ನೇನು ಬಿದ್ದೇಹೋಯಿತು ಅನ್ನುವಷ್ಟರಲ್ಲಿ ನಿಂತಿತು. ಎಲ್ಲ ಕೂಡಿಸಿ ಹದಿನಾಲ್ಕು. ಬೇಕಿದ್ದದ್ದು ಹದಿನೈದು.

“ಥೂ ಇದರ!” ಎಂದು ಗಂಗಾಲಕ್ಷ್ಮಿ ಹಣೆ ಚಚ್ಚಿಕೊಂಡಳು. ವಾರವಿಡೀ ಬಸ್ಸಿನಲ್ಲಿ ಟಿಕೆಟ್ ಹರಿಯುವ ಕಂಡಕ್ಟರ್ ಅವಳು. ಆದರೆ ಆ ಭಾನುವಾರದ ಮಧ್ಯಾಹ್ನ ಅವಳೊಬ್ಬ ಕುರಿ ಕಾಯುವ ಹುಡುಗಿ; ಕೋಟೆಯ ನುಣುಪು ಬಂಡೆಗೆ ಅಂಗೈ ಅಂಟಿಸಿಕೊಂಡು ನೇತಾಡುತ್ತಿದ್ದಳು.

ಆಟ ನಡೆಯುತ್ತಿದ್ದದ್ದು ಶಿರಾ ಪೇಟೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ, ಸುತ್ತಿಟ್ಟ ಬ್ಯಾನರುಗಳ ನಡುವೆ. ಕಥೆ ನಡೆಸುತ್ತಿದ್ದವಳು ಅಲ್ಲಿನ ಡಿಸೈನರ್ ಲೋಹಿತಾ. ಆಟದ ಕ್ರಮ ಕಷ್ಟದ್ದೇನಲ್ಲ. ಎದುರಿಗೆ ಏನಿದೆಯೆಂದು ಅವಳು ಹೇಳುತ್ತಾಳೆ. ಅದಕ್ಕೆ ತಮ್ಮ ಪಾತ್ರ ಏನು ಮಾಡುತ್ತದೆಂದು ಆಡುವವರು ಹೇಳುತ್ತಾರೆ. ಕೆಲಸ ಕಷ್ಟದ್ದಾದರೆ ಇಪ್ಪತ್ತು ಮುಖದ ದಾಳ ಹಾಕಿ, ಬಿದ್ದ ಅಂಕಿಗೆ ಪಾತ್ರದ ಚಳಕವನ್ನು ಕೂಡಿಸಿ, ಅವಳು ಗೊತ್ತುಮಾಡಿದ ಅಂಕಿಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಸೋತಂತೆ.

ಸೋತೆ ಅನ್ನಲು ಬಾಯಿ ತೆರೆದ ಲೋಹಿತಾಗೆ ಗೆಳತಿಯ ಮುಖ ನೋಡಿ ಮನಸ್ಸು ಬರಲಿಲ್ಲ.

“ಒಂದೇ ಒಂದು ಕಮ್ಮಿ ಐತೆ,” ಅಂದಳು. “ಏನಾದ್ರೂ ಬುಟ್ಕೊಡು. ಹತ್ತುಸ್ತೀನಿ.”

“ನನ್ ಹಗ್ಗ ತಗೋ.”

“ಹಗ್ಗ ಯಾರಿಗ್ ಬೇಕು? ಬುಟ್ಟರೆ ಹೊಟ್ಟೆ ಉರೀಬೇಕು, ಅಂಥದ್ದು ಕೊಡು.”

ಗಂಗಾಲಕ್ಷ್ಮಿ ಕಣ್ಣು ಮುಚ್ಚಿದಳು. ಹೊರಗೆ ಕಡಲೆಕಾಯಿ ಮೂಟೆ ಹೊತ್ತ ಲಾರಿಯೊಂದು ಹಾರನ್ ಬಾರಿಸಿಕೊಂಡು ಹೋಯಿತು. “ಸರಿ. ನನ್ ಹೆಸ್ರು ಬುಟ್ಕೊಟ್ಟೆ ಕಣಮ್ಮ. ಬಂಡೆ ಹತ್ತಿದ್ಮೇಲೆ ನಮ್ಮಮ್ಮಂಗೂ ನನ್ ಹೆಸ್ರು ನೆಪ್ಪಿರಾಕಿಲ್ಲ.”

ಆಮೇಲೆ ಎದ್ದ ಗದ್ದಲಕ್ಕೆ ಪಕ್ಕದ ಬೇಕರಿಯವರು ಬಂದು ಇಣುಕಿದರು. ಜೊತೆಗೆ ಆಡುತ್ತಿದ್ದ ಫ್ಲೆಕ್ಸ್ ಅಂಗಡಿಯ ಮಾಲೀಕ ಅಂಬರೀಶ್ ಕುರ್ಚಿಯ ಮೇಲೆ ಎದ್ದು ನಿಂತಿದ್ದ. ಲೋಹಿತಾಳ ತೋಳಿನ ಮೇಲೆ ಕೂದಲು ನಿಮಿರಿತ್ತು. ಏನನ್ನಾದರೂ ಬಿಟ್ಟುಕೊಟ್ಟು ಗೆಲ್ಲುವ ಆ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ಅವಳ ಬಾಯಿಂದಲೇ ಉದುರಿತ್ತು.

ಲೋಹಿತಾ ತಾವರೆಕೆರೆ ಕಡೆಯವಳು. ಅಪ್ಪ ಕ್ಯಾತಪ್ಪನಿಗೆ ಈಗಲೂ ಕುರಿ ಹಿಂಡಿದೆ. ಡಿಪ್ಲೊಮಾ ಮುಗಿಸಿ ಅವಳು ಫ್ಲೆಕ್ಸ್ ಅಂಗಡಿ ಸೇರಿದ್ದಳು. ಯಾವುದೋ ಮಗುವಿನ ಹುಟ್ಟುಹಬ್ಬದ ಬ್ಯಾನರಿಗೆ, ಯಾರ ಹಕ್ಕಿನ ತಕರಾರೂ ಇಲ್ಲದ ಡ್ರ್ಯಾಗನ್ ಚಿತ್ರ ಹುಡುಕುತ್ತಿದ್ದಾಗ ಸಿಕ್ಕಿದ್ದು ಚಿತ್ರವಲ್ಲ, ಒಂದು ಇಡೀ ಆಟ. ಹೊರದೇಶದ ಕಂಪನಿಯೊಂದು ತನ್ನ ಆಟದ ನಿಯಮಗಳ ಪಠ್ಯವನ್ನು ಮುಕ್ತ ಪರವಾನಗಿಯಲ್ಲಿ ಲೋಕಕ್ಕೆ ಬಿಟ್ಟಿತ್ತು. ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ಮೂಲ ಯಾರದೆಂದು ಹೇಳಿದರೆ ಸಾಕು. ಬ್ಯಾನರ್ ಅವತ್ತು ತಡವಾಯಿತು.

ಬುಟ್ಕೊಡು ನಿಯಮ ಹುಟ್ಟಿದ ಮೇಲೆ ತಮ್ಮದೇ ಪುಸ್ತಕ ಆಗಬೇಕೆಂದು ಮೂವರೂ ಹಟ ಹಿಡಿದರು. ಲೋಹಿತಾ ಕನ್ನಡದಲ್ಲಿ ಬರೆಯುತ್ತಾ ಹೋದಳು. ಕತ್ತಿ ಹಿಡಿದ ಸರದಾರರ ಜಾಗಕ್ಕೆ ಕೋಟೆಯ ಕಾವಲುಗಾರ್ತಿಯರು ಬಂದರು, ಮದ್ದು ಅರೆಯುವವರು ಬಂದರು, ಕುರಿ ಮಾತು ಬಲ್ಲವರು ಬಂದರು. ಮುದ್ರಣಕ್ಕೆ ಹೋಗುವ ಮುಂಚೆ ಪರವಾನಗಿಯನ್ನು ಇನ್ನೊಮ್ಮೆ ಓದಿದವಳು ಥಟ್ಟನೆ ನಿಂತಳು. ಅವಳಿಗೆ ಬಲು ಇಷ್ಟವಾಗಿದ್ದ ಒಂದು ರಾಕ್ಷಸಪ್ರಾಣಿ ಆ ಮುಕ್ತ ಪಠ್ಯದಲ್ಲಿ ಇರಲೇ ಇಲ್ಲ. ಅದನ್ನು ಅವಳು ಎಲ್ಲೋ ವೀಡಿಯೊದಲ್ಲಿ ನೋಡಿ ಎತ್ತಿಕೊಂಡಿದ್ದಳು.

“ಶಿರಾದಾಗೆ ಯಾರು ಬಂದ್ ನೋಡ್ತಾರೆ, ಬುಡು,” ಅಂದ ಅಂಬರೀಶ್.

“ಅಂಗಲ್ಲ ಅಣ್ಣ. ದಾಳ ಹಾಕು, ಕೂಡ್ಸು ಅನ್ನೋ ಉಪಾಯ ಯಾರಪ್ಪಂದೂ ಅಲ್ಲ. ಅದುನ್ನ ಬರ್ದಿರೋ ಮಾತು ಮಾತ್ರ ಬರ್ದೋರ್ದು. ಅವರು ಬುಟ್ಟಿರೋದುನ್ನ ತಗೊಳ್ಳಾನ. ಬುಡದೇ ಇರೋದು ನಮಗ್ಯಾಕೆ?”

ಪ್ರಾಣಿಯನ್ನು ಕಿತ್ತುಹಾಕಿದಳು. ಆ ಖಾಲಿ ಪುಟಕ್ಕೆ ಬಂದು ಕೂತದ್ದು ಬತ್ತಿದ ಬಾವಿಯೊಳಗಿನ ಒಂದು ಜೀವ. ನೀವು ಬಗ್ಗಿ ಕೂಗಿದರೆ ಅದು ನಿಮ್ಮದೇ ದನಿಯಲ್ಲಿ, ನೀವು ನಾಳೆ ಆಡಬೇಕಾದ ಮಾತನ್ನು ಇವತ್ತೇ ಆಡಿಬಿಡುತ್ತದೆ. ಅದನ್ನು ಓದಿದ ಗಂಗಾಲಕ್ಷ್ಮಿ ಒಂದು ವಾರ ಬಾವಿ ಕಡೆ ತಲೆ ಹಾಕಲಿಲ್ಲ.

ಜಗಳ ಆದದ್ದು ಕೊನೆಯ ಪುಟದ ಬಗ್ಗೆ. ಎಲ್ಲ ಹಕ್ಕೂ ನಮ್ಮದೆಂದು ಹಾಕೋಣ ಅಂತ ಅಂಬರೀಶ್. ತೆಗೆದುಕೊಂಡ ಹಾಗೆಯೇ ಬಿಡಬೇಕು ಅಂತ ಲೋಹಿತಾ. ಮೂಲ ಕಂಪನಿಗೆ ಸಲ್ಲಬೇಕಾದ ಸಾಲು ಬರೆದು, ಅದರ ಕೆಳಗೆ ತನ್ನ ಮಾತು ಸೇರಿಸಿದಳು: ಈ ಆಟವನ್ನು ಯಾರು ಬೇಕಾದರೂ ಬಳಸಿ, ಬದಲಿಸಿ, ನಮ್ಮ ಹೆಸರು ಹೇಳಿ, ನೀವು ಬದಲಿಸಿದ್ದನ್ನೂ ಹೀಗೆಯೇ ಬೇರೆಯವರಿಗೆ ಬಿಡಿ. ಅಂಬರೀಶ್ ಎರಡು ದಿನ ಮುಖ ಊದಿಸಿಕೊಂಡಿದ್ದ. ಆದರೂ ಒಳ್ಳೆಯ ಕಾಗದದಲ್ಲೇ ಅಚ್ಚು ಹಾಕಿಸಿದ.

ಬೇಸಿಗೆ ಕಳೆಯುವ ಹೊತ್ತಿಗೆ ಅವನು ಫೋನ್ ಹಿಡಿದು ಬುಸುಗುಡುತ್ತಾ ಬಂದ. “ನೋಡು, ನೋಡು! ಪಾವಗಡದಾಗೆ ಯಾವನೋ ಓಬಳರಾಜು ಅಂತೆ. ನಿನ್ ಆಟ ಪೂರಾ ಎತ್ಕೊಂಡು ತೆಲುಗು ಬೆರಸಿ ಹಾಕವ್ನೆ! ಕದ್ಬುಟ್ಟ!”

ಲೋಹಿತಾ ಫೋನ್ ಕಿತ್ತುಕೊಂಡು ನೋಡಿದಳು. ಮೊದಲ ಪುಟದಲ್ಲೇ ಅವಳ ಹೆಸರಿತ್ತು. ಅದರಡಿಯಲ್ಲಿ ಅವಳು ಹೇಳಿದಂತೆಯೇ ಪರವಾನಗಿ. ಅವಳು ಕಿರುಚಿದ್ದಕ್ಕೆ ಪ್ರಿಂಟ್ ಮಿಷನ್ನಿನ ಮುಂದಿದ್ದ ಗಿರಾಕಿ ಬೆಚ್ಚಿಬಿದ್ದ.

“ಅಳ್ತಿದ್ದೀಯೇನೇ?” ಅಂದ ಅಂಬರೀಶ್.

“ನಗ್ತಿದ್ದೀನಿ ಅಣ್ಣ! ಯಾರೋ ಆಡವ್ರೆ! ನಂಗೆ ಗೊತ್ತೇ ಇಲ್ದಿರೋರು ಆಡವ್ರೆ!”

ಮುಂದಿನ ಭಾನುವಾರ ಮಧುಗಿರಿಯಲ್ಲಿ ಬಸ್ಸು ಬದಲಿಸಿಕೊಂಡು ಪಾವಗಡಕ್ಕೆ ಹೋದಳು. ಓಬಳರಾಜು ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ತೆಳ್ಳಗಿನ ಮನುಷ್ಯ. ಬೆಟ್ಟದ ಬುಡದ ಮನೆ. ಬಾಗಿಲಲ್ಲಿ ನಿಂತು ಅವಳು ಹೆಸರು ಹೇಳಿದ್ದೇ ತಡ, ಅವನು ಗಾಬರಿಯಾದ.

“ತಪ್ಪೇನಾದ್ರೂ ಆಗೈತಾ ಅಕ್ಕ? ಮೊದಲ್ನೇ ಪುಟದಾಗೆ ನಿಮ್ ಪೇರು ಸರಿಯಾಗೇ ಹಾಕಿದ್ದೀನಿ.”

“ಆಡಕ್ಕೆ ಬಂದ್ಬುಟ್ಟೆ ಕಣಪ್ಪ. ಜಾಗ ಐತಾ?”

ಅವನು ಚಾಪೆ ಹಾಸಿ ಕಥೆ ನಡೆಸಲು ಕೂತ. ಅವನ ತಾಯಿ ಓಬಕ್ಕ ಒಗ್ಗರಣೆ ಮಂಡಕ್ಕಿ ತಂದಿಟ್ಟು, ತಾವೂ ಆಟಕ್ಕೆ ಕೂತರು. ಲೋಹಿತಾ ತಾನು ಬರೆದ ಆಟದೊಳಗೆ ಮೊದಲ ಸಲ ಬರೀ ಆಟಗಾರ್ತಿಯಾಗಿ ಕಾಲಿಟ್ಟಳು. ಮುಂದೇನು ಬರುತ್ತದೆಂದು ಗೊತ್ತಿಲ್ಲದ ಆ ಸುಖ! ಬಾವಿಯ ಜೀವ ಅವಳ ಪಾತ್ರದ ಕಾಲು ಹಿಡಿದು ಎಳೆಯಿತು. ದಾಳ ಬಿದ್ದದ್ದು ಮೂರು. ಬಿಟ್ಟುಕೊಡಲು ಅವಳ ಬಳಿ ಏನೂ ಉಳಿದಿರಲಿಲ್ಲ.

“ಮುಗೀತು. ಸತ್ತೆ,” ಅಂದಳು.

“ಉಂಡಮ್ಮಾ, ತಡಿ!” ಓಬಕ್ಕ ಕೈ ಅಡ್ಡ ಚಾಚಿದರು. “ನಾನಿಲ್ವಾ? ಅವಳಿಗೋಸ್ಕರ ನನ್ ಬಲಗಣ್ಣು ಬುಟ್ಟೆ. ಎಳಿ ಮೇಲಕ್ಕೆ!”

ಲೋಹಿತಾ ಕಕ್ಕಾಬಿಕ್ಕಿಯಾಗಿ ಓಬಳರಾಜು ಕಡೆ ತಿರುಗಿದಳು.

“ಅದು ನಾ ಸೇರ್ಸಿದ್ದಕ್ಕ,” ಅಂದ ಅವನು ಸಂಕೋಚದಿಂದ. “ಒಬ್ರಿಗೋಸ್ಕರ ಇನ್ನೊಬ್ರು ಬುಟ್ಕೊಡಬೋದು. ನಿಮ್ ಆಟದಾಗೆ ಅವರವರ್ದು ಅವರವರೇ ಕೊಡಬೇಕಿತ್ತು. ಅಮ್ಮ ಒಪ್ಪಲಿಲ್ಲ.”

ಲೋಹಿತಾ ಚಾಪೆಯ ಮೇಲಿಂದ ಎದ್ದೇಬಿಟ್ಟಳು. ಇಷ್ಟು ದಿನ ತನಗೆ ಹೊಳೆಯದ್ದು ಇಷ್ಟು ಸರಳವಾಗಿ ಇಲ್ಲಿ ಕೂತಿತ್ತು! “ಇದುನ್ನ ನಾನು ತಗೊಳ್ಳಲಾ?”

ಅವನಿಗೆ ನಗು ಬಂತು. “ಕೇಳೋದೇನಕ್ಕ? ತಗೊಬೋದು ಅಂತ ನೀವೇ ನನ್ ಕೈಲಿ ಬರೆಸ್ಕೊಂಡಿದ್ದೀರಲ್ಲ.”

ಅವರು ಬಾವಿಯಿಂದ ಹೊರಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಓಬಕ್ಕ ಒಂದು ಕಣ್ಣು ಮುಚ್ಚಿಕೊಂಡೇ ಬಸ್ ಸ್ಟ್ಯಾಂಡಿನವರೆಗೆ ಬಂದು ಕಳಿಸಿಕೊಟ್ಟರು.

ಆಟದ ಎರಡನೇ ಮುದ್ರಣ ಈಗ ಶಿರಾದಲ್ಲಿ ತಯಾರಾಗುತ್ತಿದೆ. ಕೃತಜ್ಞತೆಯ ಪುಟದಲ್ಲಿ ಓಬಳರಾಜು, ಓಬಕ್ಕರ ಹೆಸರುಗಳನ್ನು ಕೂಡಿಸಿದ್ದು ಅಂಬರೀಶನೇ. ಕೊರಟಗೆರೆಯಿಂದ ಯಾರೋ ಮೇಷ್ಟರು, ತಮ್ಮ ಶಾಲೆಯ ಮಕ್ಕಳಿಗೆ ನಿಯಮಗಳನ್ನು ಇನ್ನಷ್ಟು ಚಿಕ್ಕದು ಮಾಡಿಕೊಳ್ಳಬಹುದೇ ಎಂದು ಕೇಳಿದ್ದಾರೆ. ಅವರಿಗೆ ಉತ್ತರ ಬರೆಯಲು ಕೂತ ಲೋಹಿತಾ, ಆಗಬಹುದು ಅನ್ನುವ ಒಂದು ಮಾತಿಗೆ ಒಂದು ಇಡೀ ಪುಟ ತುಂಬಿಸಿದ್ದಾಳೆ.